ತೆಂಗ್‌ಹಾಯ್, ಸೇತುವೆ ಬಂತು

ತೆಂಗ್‌ಹಾಯ್ ತೀರಿಕೊಂಡು ಮೂರು ವಾರವಾದರೂ ಮನೆಗೆ ಬಂದಿರಲಿಲ್ಲ.

ದೇಹವೇನೋ ಬಂದಿತ್ತು, ಅದರ ಕಾರ್ಯವೂ ಮುಗಿದಿತ್ತು. ಆದರೆ ಅವನು ಬಂದಿರಲಿಲ್ಲ. ಹಾಗೆಂದು ದಿನಾ ಹೇಳುತ್ತಿದ್ದದ್ದು ಬಿದಿರಿನ ಬುಡದಿಂದ ಕೆತ್ತಿದ ಎರಡು ಅರ್ಧಚಂದ್ರದ ತುಂಡುಗಳು. ಅವಕ್ಕೆ ಒಂದು ಮಗ್ಗುಲು ಚಪ್ಪಟೆ, ಇನ್ನೊಂದು ಉಬ್ಬು. ಪ್ರಶ್ನೆ ಕೇಳಿ ನೆಲಕ್ಕೆ ಬಿಟ್ಟಾಗ ಒಂದು ಕವುಚಿ ಇನ್ನೊಂದು ಚಪ್ಪಟೆ ಮಗ್ಗುಲು ಮೇಲಾಗಿ ಅಂಗಾತ ಬಿದ್ದರೆ ಹೌದು ಎಂದರ್ಥ. ಎರಡೂ ಕವುಚಿ ಬಿದ್ದರೆ ಇಲ್ಲ. ಎರಡೂ ಅಂಗಾತ ಬಿದ್ದರೆ ಆ ಕಡೆಯವರು ಪ್ರಶ್ನೆ ಕೇಳಿ ನಗುತ್ತಿದ್ದಾರೆ ಅಂತ ಲೆಕ್ಕ. ಹೆಂಡತಿ ಗ್ವೇಹಾ ಬೆಳಿಗ್ಗೆ ಎದ್ದು ಗಂಡನ ಹೆಸರು ಬರೆದ ಫಲಕದ ಮುಂದೆ ಬಿಸಿ ಅನ್ನ, ಉಪ್ಪುಮೂಲಂಗಿ ಹಾಕಿದ ಮೊಟ್ಟೆಯ ದೋಸೆ ಇಟ್ಟು, ಬಂದಿದ್ದೀಯಾ ಎಂದು ಕೇಳಿ ತುಂಡುಗಳನ್ನು ಬಿಡುವಳು. ಎರಡೂ ಕವುಚಿ ಬೀಳುತ್ತಿದ್ದವು. ಸಂಜೆಗೂ ಅದೇ ಕಥೆ. ಅನ್ನ ಆರಿ ಹೋಗುತ್ತಿತ್ತು. ಅವನು ಮುಟ್ಟದ ಮೇಲೆ ತಾನು ಕೂತು ಉಣ್ಣುವುದು ಹೇಗೆಂದು ಅವಳೂ ಅಡುಗೆಮನೆಯಲ್ಲಿ ನಿಂತುಕೊಂಡೇ ಎರಡು ತುತ್ತು ನುಂಗಿ ನೀರು ಕುಡಿದುಬಿಡುವಳು.

ನಮ್ಮ ಕಡೆ ಊರಾಚೆ ಸತ್ತವರು ತಾವಾಗಿ ಮನೆಗೆ ಬರಲಾರರು. ಅವರಿಗೆ ದಾರಿ ಕಾಣುವುದಿಲ್ಲ. ಸತ್ತ ಜಾಗಕ್ಕೇ ಹೋಗಿ ಊದುಬತ್ತಿ ಹಚ್ಚಿ, ಬಿದಿರಿನ ಕೊಂಬೆಗೆ ಹೆಸರಿನ ಬಿಳಿ ಬಟ್ಟೆ ಕಟ್ಟಿ, ಹೆಸರು ಹಿಡಿದು ಕರೆದು ತರಬೇಕು. ದಾರಿಯಲ್ಲಿ ಸೇತುವೆ ಬಂದರೆ ಸೇತುವೆ ಬಂತು ಎನ್ನಬೇಕು, ಸುರಂಗ ಬಂದರೆ ಸುರಂಗ ಬಂತು ಎನ್ನಬೇಕು. ಹೇಳದೆ ದಾಟಿದರೆ ಸತ್ತವರು ನೀರಿನ ಆಚೆ ದಡದಲ್ಲೇ ನಿಂತುಬಿಡುತ್ತಾರೆ. ತೆಂಗ್‌ಹಾಯ್ ಅಂಗಡಿಯಲ್ಲಿ ಟೈರು ಬಿಚ್ಚುತ್ತಿದ್ದವನು ಹಾಗೇ ಕುಸಿದುಬಿದ್ದಿದ್ದ. ಆಂಬುಲೆನ್ಸಿನಲ್ಲಿ ಸಮುದ್ರದ ದಡದ ಹ್ವಾಲ್ಯೆನ್ ಪಟ್ಟಣದ ಆಸ್ಪತ್ರೆಗೆ ಒಯ್ದರು. ಎಚ್ಚರವಾಗದೆ ಅಲ್ಲೇ ತೀರಿಕೊಂಡ. ಅಲ್ಲಿಂದ ಅವನನ್ನು ಕರೆತಂದವಳು ಮಗಳು ಸೋಕ್‌ಬೀ, ತನ್ನ ಕಾರಿನಲ್ಲಿ. ಸೇತುವೆ ಸೇತುವೆಗೂ ಕೂಗಿ ಅವಳ ಗಂಟಲು ಬಿದ್ದುಹೋಗಿತ್ತು. ಆದರೂ ತುಂಡುಗಳು ಇಲ್ಲ ಎಂದವು. ಎಲ್ಲೋ ಒಂದು ಸೇತುವೆ ಬಿಟ್ಟುಹೋಗಿರಬೇಕು ಎಂದ ಪುರೋಹಿತ. ಒಂದನ್ನೂ ಬಿಟ್ಟಿಲ್ಲ ಎಂದು ಸೋಕ್‌ಬೀ ಆಣೆ ಮಾಡಿದಳು, ಅತ್ತಳು. ನಿನ್ನ ಗಮನ ಯಾವತ್ತು ನೆಟ್ಟಗಿತ್ತು ಎಂದು ಗ್ವೇಹಾ ಅವಳನ್ನು ಬಾಯಿಗೆ ಬಂದಂತೆ ಬೈದಳು.

ಒಂದು ಬೆಳಿಗ್ಗೆ ಅಕ್ಕಿ ತೊಳೆಯುತ್ತಿದ್ದಾಗ ಗ್ವೇಹಾಳಿಗೆ ಥಟ್ಟನೆ ಹೊಳೆಯಿತು.

“ನಿಮ್ಮಪ್ಪ ಕಾರು ಹತ್ತೇ ಇಲ್ಲ ಕಣೇ,” ಎಂದಳು.

“ಸತ್ತೋರಿಗೂ ಹೊಟ್ಟೆ ತೊಳ್ಸುತ್ತಾ ಅಮ್ಮಾ?”

“ಕಾರಿನ ಬಾಗ್ಲು ತೆಗ್ಯೋಕ್ ಮುಂಚೇನೇ ವಾಂತಿ ಮಾಡ್ಕೊಳ್ತಿದ್ದೋನು ಅವ್ನು. ನಿನ್ನ ಮದ್ವೆ ದಿನ ಹೇಗ್ ಬಂದ, ಮರ್ತ್ಯಾ?”

ಸೋಕ್‌ಬೀ ಮರೆತಿರಲಿಲ್ಲ. ಹೂ ಕಟ್ಟಿದ ಮದುವೆಯ ಕಾರಿನ ಹಿಂದೆ ಹೊಸ ಕೋಟು ತೊಟ್ಟ ಅಪ್ಪ ಸೈಕಲ್ ತುಳಿದುಕೊಂಡು ಬಂದಿದ್ದ. ಬೀಗರು ಅದನ್ನು ಇವತ್ತಿಗೂ ಹೇಳಿ ನಗುತ್ತಾರೆ.

“ಆಂಬುಲೆನ್ಸಲ್ಲಿ ಪ್ರಜ್ಞೆ ಇರ್ಲಿಲ್ಲ, ಹೋದ. ಪ್ರಜ್ಞೆ ಇದ್ದಿದ್ರೆ ಅದನ್ನೂ ಹತ್ತುತ್ತಿರ್ಲಿಲ್ಲ. ನಾನ್ ಹೋಗಿ ಸೈಕಲ್ಲಲ್ಲಿ ಕರ್ಕೊಂಡ್ ಬರ್ತೀನಿ.”

ಮಗಳು ಏನೇನೋ ಹೇಳಿ ನೋಡಿದಳು. ಈ ವಯಸ್ಸಿನಲ್ಲಿ ಅಷ್ಟು ದೂರವೇ, ಬಿಸಿಲೇ, ಲಾರಿಗಳೇ ಎಂದಳು. ನಿನ್ನ ಹಿಂದೆ ಕಾರಿನಲ್ಲಿ ಬರುತ್ತೇನೆ ಎಂದಾಗ, ಪೆಟ್ರೋಲಿನ ವಾಸನೆಗೆ ಅವನು ಮತ್ತೆ ಓಡಿಹೋಗುತ್ತಾನೆ ಎಂದು ಗ್ವೇಹಾ ಗದರಿದಳು. ಕೊನೆಗೆ ಸೋಕ್‌ಬೀ ಸೋತು, ಅಮ್ಮಾ, ಆಸ್ಪತ್ರೆಯಿಂದ ನೀನೂ ಇನ್ನೂ ಮನೆಗೆ ಬಂದಿಲ್ಲ ಬಿಡು, ನಿನ್ನೆ ನೀನು ಅನ್ನದ ಪಾತ್ರೆಗೆ ಚಹಾ ಸೊಪ್ಪು ಹಾಕಿದ್ದೆ ಎಂದಳು. ಗ್ವೇಹಾ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ರುಯ್‌ಸುಯ್ ಪೇಟೆಯ ದೊಡ್ಡ ರಸ್ತೆಯಲ್ಲಿ ತೆಂಗ್‌ಹಾಯ್‌ನ ಸೈಕಲ್ ರಿಪೇರಿ ಅಂಗಡಿ. ಸೈಕಲ್ಲಿನಲ್ಲಿ ದ್ವೀಪ ಸುತ್ತುವ ಹುಚ್ಚು ಹಿಡಿದವರೆಲ್ಲ ಅಲ್ಲಿ ಇಳಿದೇ ಮುಂದೆ ಹೋಗಬೇಕು. ಅವನು ಮಾತಿಗೆ ಜುಗ್ಗ, ಕೆಲಸಕ್ಕೆ ನಿಧಾನ, ಊಟಕ್ಕೆ ಇನ್ನೂ ನಿಧಾನ. ಗಿರಾಕಿ ಬಂದು ನಿಂತರೂ ಬಟ್ಟಲಿನ ಕೊನೆಯ ಅಗುಳು ಮುಗಿಸಿಯೇ ಏಳುವ ಆಸಾಮಿ. ಅಷ್ಟರೊಳಗೆ ಗಿರಾಕಿಯನ್ನು ಮಾತಿನಲ್ಲಿ ಹಿಡಿದಿಡುವುದು, ಚಹಾದಲ್ಲಿ ಬೇಯಿಸಿದ ಮೊಟ್ಟೆ ಮಾರುವುದು, ನೀರು ತುಂಬಿಸಿ ಕೊಡುವುದು ಗ್ವೇಹಾಳ ಪಾಲು. ಹೀಗಾಗಿ ಸಮುದ್ರದ ದಾರಿ ಎಲ್ಲಿ ಏರುತ್ತದೆ, ಕಾಡಿನೊಳಗೆ ನೀರು ಎಲ್ಲಿ ಸಿಗುತ್ತದೆ ಎಂಬುದೆಲ್ಲ ಅವಳಿಗೆ ಬಾಯಿಪಾಠ. ಆದರೆ ತನ್ನ ನೀಲಿ ಸೈಕಲ್ಲನ್ನು ಊರಾಚೆಯ ಚಕ್ಕೋತದ ತೋಟ ದಾಟಿಸಿದವಳಲ್ಲ. ಆ ಸೈಕಲ್ಲನ್ನು ಮಗಳು ಹುಟ್ಟಿದ ವರ್ಷ ಅವನೇ ಹಳೇ ಬಿಡಿಭಾಗಗಳಿಂದ ಜೋಡಿಸಿ ಕೊಟ್ಟಿದ್ದ. ಅದರ ಎರಡು ಪೆಡಲುಗಳು ಎರಡು ಜಾತಿಯವು.

ಪ್ರತಿ ವಸಂತದಲ್ಲಿ, ಹಾರುವ ಮೀನು ದಡಕ್ಕೆ ಬರುವ ಕಾಲಕ್ಕೆ, ಅವನು ಕಾಡು ದಾಟಿ ಸಮುದ್ರಕ್ಕೆ ಹೋಗಿ ಬರುತ್ತಿದ್ದ. ಹೋಗುವ ಹಿಂದಿನ ದಿನ, ಬರ್ತೀಯಾ ಎಂದು ಕೇಳುತ್ತಿದ್ದ. ಅಂಗಡಿ ಯಾರು ನೋಡ್ಕೋತಾರೆ ಎಂದು ಅವಳು ಕೇಳುತ್ತಿದ್ದಳು. ಅವನು ತಲೆಯಾಡಿಸಿ ಚೈನಿಗೆ ಎಣ್ಣೆ ಬಿಡುತ್ತಿದ್ದ. ವರ್ಷ ವರ್ಷವೂ ಅದೇ ಪ್ರಶ್ನೆ, ಅದೇ ಉತ್ತರ. ಮಾರನೆಯ ದಿನ ಹೊಗೆ ಹಿಡಿಸಿದ ಮೀನೊಂದನ್ನು ತಂದುಕೊಟ್ಟರೆ, ಚೀಲವೆಲ್ಲ ನಾರುತ್ತದೆ ಎಂದು ಬೈದುಕೊಂಡೇ ಅವಳು ಅದನ್ನು ಗಂಜಿಗೆ ಹಾಕುತ್ತಿದ್ದಳು.

ಈಗ ಅದೇ ನೀಲಿ ಸೈಕಲ್ಲನ್ನು ರೈಲಿಗೆ ಹತ್ತಿಸಿಕೊಂಡು ಹ್ವಾಲ್ಯೆನ್‌ನಲ್ಲಿ ಇಳಿದಳು. ಆಸ್ಪತ್ರೆಯ ಹಿಂಬಾಗಿಲ ಬಳಿ ನಿಂತು ಊದುಬತ್ತಿ ಹಚ್ಚಿ, ಹ್ಯಾಂಡಲ್ಲಿಗೆ ಕಟ್ಟಿದ ಹಾಲಿನ ಪುಡಿಯ ಡಬ್ಬಿಯ ಮರಳಿನಲ್ಲಿ ನೆಟ್ಟಳು. ಕ್ಯಾರಿಯರಿಗೆ ಬಿದಿರಿನ ಕೊಂಬೆ ಕಟ್ಟಿದಳು. ಇನ್ನು ಹೆಸರು ಹಿಡಿದು ಕರೆಯಬೇಕು. ಅಲ್ಲೇ ಬಂತು ನೋಡಿ ಕಷ್ಟ. ಮದುವೆಯಾದಾಗಿನಿಂದ ಅವಳು ಅವನನ್ನು ಓಯ್ ಎಂದು ಕರೆದವಳೇ ಹೊರತು ಹೆಸರು ಹಿಡಿದವಳಲ್ಲ. ಅತ್ತಿತ್ತ ನೋಡಿದಳು. ಸಿಗರೇಟು ಸೇದುತ್ತಿದ್ದ ಕಾವಲುಗಾರ ಅರ್ಥಮಾಡಿಕೊಂಡವನಂತೆ ಬೆನ್ನು ತಿರುಗಿಸಿ ನಿಂತ.

“ತೆಂಗ್‌ಹಾಯ್,” ಎಂದಳು. ಕಿವಿ ಬಿಸಿಯಾಯಿತು. “ಸೈಕಲ್ ತಂದಿದೀನಿ. ಸಮುದ್ರದ ದಾರೀಲೇ ಹೋಗೋಣ. ಬರ್ತೀಯಾ?”

ತುಂಡುಗಳನ್ನು ಸಿಮೆಂಟಿನ ಮೇಲೆ ಬಿಟ್ಟಳು. ಒಂದು ಕವುಚಿ, ಒಂದು ಅಂಗಾತ. ಮೂರು ವಾರದಲ್ಲಿ ಮೊದಲ ಸಲ ಹೌದು ಎಂದಿದ್ದ. ಗ್ವೇಹಾಳ ಎದೆ ಹಗುರಾಯಿತು, ಜೊತೆಗೆ ಮಗಳನ್ನು ಬೈದದ್ದಕ್ಕೆ ಪಿಚ್ಚೆನಿಸಿತು.

ಪಟ್ಟಣ ದಾಟಿದ ಮೇಲೆ ಎಡಕ್ಕೆ ಸಮುದ್ರ, ಬಲಕ್ಕೆ ಬೆಟ್ಟ, ನಡುವೆ ದಾರಿ. ಹೊಳೆ ಸಮುದ್ರ ಸೇರುವಲ್ಲಿ ಮೊದಲ ದೊಡ್ಡ ಸೇತುವೆ. ತೆಂಗ್‌ಹಾಯ್, ಸೇತುವೆ ಬಂತು, ದಾಟೋಣ ಎಂದು ಗಂಟಲೊಳಗೇ ಹೇಳಿದಳು. ಲಾರಿಯೊಂದು ಭರ್ರನೆ ಹೋಯಿತು. ಕೇಳಿಸಿತೋ ಇಲ್ಲವೋ ಎಂದು ಇನ್ನೊಮ್ಮೆ ಜೋರಾಗಿ ಹೇಳಿದಳು. ಮೂರನೆಯ ಸೇತುವೆಯ ಹೊತ್ತಿಗೆ ನಾಚಿಕೆ ಹೋಗಿತ್ತು. ಐದನೆಯದಕ್ಕೆ ಹೆಸರು ನಾಲಿಗೆಗೆ ರುಚಿಸತೊಡಗಿತ್ತು. ಸೇತುವೆಯಲ್ಲದ ಕಡೆಯೂ ಕರೆಯತೊಡಗಿದಳು. ತೆಂಗ್‌ಹಾಯ್, ದೋಣಿ ನೋಡು. ತೆಂಗ್‌ಹಾಯ್, ಈ ಹೆಂಗಸು ಕಲ್ಲಂಗಡಿ ಎಷ್ಟು ಸಣ್ಣದಾಗಿ ಕೊಯ್ತಾಳೆ ನೋಡು, ಜುಗ್ಗಿ. ಇಡೀ ಸಂಸಾರದಲ್ಲಿ ಹಿಡಿಯದಷ್ಟು ಹೆಸರನ್ನು ಒಂದೇ ಬೆಳಿಗ್ಗೆ ಹಿಡಿದು ಮುಗಿಸಿದಳು.

ಗಾಳಿ ಸಮುದ್ರದಿಂದ ಬೀಸುತ್ತಿತ್ತು. ಒಂದು ಊದುಬತ್ತಿ ಮುಗಿಯುವ ಮುಂಚೆ ಇಳಿದು, ಅದರ ಕೆಂಡದಿಂದಲೇ ಇನ್ನೊಂದನ್ನು ಹಚ್ಚಿಕೊಳ್ಳಬೇಕು. ಹಾಗೆ ನಿಂತಿದ್ದಾಗ ಹಿಂದಿನಿಂದ ಪಟ್ಟಣದ ಹುಡುಗ ಹುಡುಗಿಯರ ಗುಂಪೊಂದು ಬಂತು. ಬಣ್ಣಬಣ್ಣದ ಅಂಗಿ, ತಲೆಗೆ ಟೋಪಿ. ಬಿದಿರಿಗೆ ಸುತ್ತಿಕೊಂಡಿದ್ದ ಬಿಳಿ ಬಟ್ಟೆಯನ್ನು ಅವರು ಯಾವುದೋ ಸೈಕಲ್ ಸಂಘದ ಬಾವುಟ ಎಂದುಕೊಂಡರು.

“ಅಜ್ಜಿ, ಯಾವ ತಂಡ ನಿಮ್ದು?” ಎಂದಳು ಒಬ್ಬಳು.

“ಇಬ್ರದ್ದೇ ತಂಡ.”

“ಇನ್ನೊಬ್ರು ಎಲ್ಲಿ?”

“ಹಿಂದೆ ಬರ್ತಿದಾನೆ. ಅವ್ನು ಸ್ವಲ್ಪ ನಿಧಾನ.”

ಹುಡುಗರೆಲ್ಲ ಹಿಂದೆ ತಿರುಗಿ ಖಾಲಿ ರಸ್ತೆಗೆ ಕೈ ಬೀಸಿದರು. ತಾತಾ, ಬಿಡಬೇಡಿ, ತುಳೀರಿ ಎಂದು ಕೂಗಿ ಮುಂದೆ ಹೋದರು. ಕೊನೆಯವನೊಬ್ಬ ಗಾಳಿಗೆ ಬಿಚ್ಚಿಕೊಂಡ ಬಟ್ಟೆಯ ಮೇಲಿನ ಹೆಸರು ಓದಿದ. ಟೋಪಿ ತೆಗೆದು, ಆ ಖಾಲಿ ರಸ್ತೆಗೆ ಕೈ ಮುಗಿದು ಹೊರಟ. ಗ್ವೇಹಾಳಿಗೆ ಎಲ್ಲರೂ ಇಷ್ಟವಾದರು, ಕೂಗಿದವರು ಇನ್ನೂ ಇಷ್ಟವಾದರು.

ಮಧ್ಯಾಹ್ನದ ಬಿಸಿಲಿಗೆ ಸಮುದ್ರ ಬೆಳ್ಳಗಾಯಿತು. ಬೆಟ್ಟ ಕಡಲಿಗೇ ಬಂದು ನಿಂತ ಕಡೆ ಸುರಂಗ. ಅವಳು ಇಳಿದು ಸೈಕಲ್ ತಳ್ಳಿಕೊಂಡು ಒಳಗೆ ನಡೆದಳು. ತೆಂಗ್‌ಹಾಯ್, ಸುರಂಗ ಬಂತು ಎಂದದ್ದು ಆ ತುದಿಗೆ ಹೋಗಿ ತಿರುಗಿ ಬಂತು. ಇನ್ನೊಮ್ಮೆ ಕರೆದಳು, ಇನ್ನೊಮ್ಮೆ ಬಂತು. ತಂಪಿತ್ತು, ಕತ್ತಲಿತ್ತು, ಬತ್ತಿಯ ಕೆಂಪು ಚುಕ್ಕೆ ಮುಂದೆ ಮುಂದೆ ಹೋಗುತ್ತಿತ್ತು. ಹಿಂದೆ ಇನ್ನೊಂದು ಸೈಕಲ್ಲಿನ ಚಕ್ರ ಟಿಕ್ ಟಿಕ್ ಎನ್ನುವುದು ಅವಳಿಗೆ ಸ್ಪಷ್ಟವಾಗಿ ಕೇಳಿಸಿತು. ತಿರುಗಿ ನೋಡಲಿಲ್ಲ. ಕರೆತರುವವರು ತಿರುಗಿ ನೋಡಬಾರದು ಎಂದು ಯಾರೂ ಹೇಳಿರಲಿಲ್ಲ, ಆದರೂ ನೋಡಲಿಲ್ಲ. ಹೊರಗೆ ಬಂದಾಗ ಬೆಳಕಿಗೆ ಕಣ್ಣು ಕುಕ್ಕಿತು, ತಾನು ಎಲ್ಲಿದ್ದೇನೆಂಬುದೇ ಒಂದು ಗಳಿಗೆ ತಿಳಿಯಲಿಲ್ಲ.

ಸಂಜೆಗೆ, ಕಾಡಿನ ಹೊಳೆ ಕಡಲಿಗೆ ಸೇರುವ ಊರಿನಲ್ಲಿ ಪನಾಯ್ ಎಂಬವಳ ಮೀನಿನ ಅಂಗಡಿ ಸಿಕ್ಕಿತು. ಪನಾಯ್ ಕಡಲ ದಡದ ಆಮಿಸ್ ಜನದವಳು, ಅಗಲ ಮುಖ, ಅಗಲ ನಗು. ತಂತಿಯ ಮೇಲೆ ರೆಕ್ಕೆ ಬಿಚ್ಚಿದ ಮೀನುಗಳು ಹೊಗೆಯಲ್ಲಿ ತೂಗುತ್ತಿದ್ದವು. ಅವಳು ಸೈಕಲ್ ನೋಡಿದಳು, ಬಟ್ಟೆ ನೋಡಿದಳು, ಎರಡು ಜಾತಿಯ ಪೆಡಲು ನೋಡಿದಳು.

“ಅಯ್ಯೋ, ಈ ಪೆಡಲಿನ ಕಥೆ ಅವ್ನೇ ಹೇಳಿದ್ದ,” ಎಂದಳು. “ರಿಪೇರಿ ಅಣ್ಣ ಹೋದ್ನಾ?”

ಗ್ವೇಹಾ ತಲೆಯಾಡಿಸಿದಳು. ಪನಾಯ್ ಎರಡು ಮೀನು ಸುಟ್ಟು, ಒಂದನ್ನು ಬಿದಿರಿನ ಕೊಂಬೆಯ ಬುಡದಲ್ಲಿಟ್ಟು, ಒಂದನ್ನು ಅವಳ ಕೈಗೆ ಕೊಟ್ಟಳು. ಆಮೇಲೆ ಮಾತು ಶುರುಮಾಡಿದಳು. ರಿಪೇರಿ ಅಣ್ಣ ಒಂದು ಮೀನು ತಿನ್ನುವಷ್ಟರಲ್ಲಿ ಅವಳ ಬೆಕ್ಕು ಕಾದು ಕಾದು ಬೇಸತ್ತು ನಿದ್ದೆ ಹೋಗುತ್ತಿತ್ತಂತೆ. ಇನ್ನೊಂದು ಕುರ್ಚಿಯ ಮೇಲೆ ಮಾತ್ರ ಯಾರನ್ನೂ ಕೂರಗೊಡುತ್ತಿರಲಿಲ್ಲವಂತೆ.

“ಯಾಕೆ ಅಂದ್ರೆ, ಮುಂದಿನ್ ವರ್ಷ ಹೆಂಡ್ತೀನ ಕರ್ಕೊಂಡ್ ಬರ್ತೀನಿ, ಅವ್ಳ ಜಾಗ ಅನ್ನೋನು. ವರ್ಷಾ ವರ್ಷಾ ಅದೇ ಸುಳ್ಳು. ಆಗೆಲ್ಲ ಗೇಲಿ ಮಾಡ್ತಿದ್ದೆ ನಾನು, ನಿಂಗೆ ಹೆಂಡ್ತೀನೇ ಇಲ್ಲ ಬಿಡು ಅಂತ.”

ಗ್ವೇಹಾ ಆ ಕುರ್ಚಿಯಲ್ಲೇ ಕೂತಿದ್ದಳು. ಮೀನನ್ನು ಒಂದು ತುತ್ತೂ ಮುರಿಯದೆ ಕೆಳಗಿಟ್ಟಳು. ಅಳು ಬರಬೇಕಿತ್ತು, ಬರಲಿಲ್ಲ. ಆಸ್ಪತ್ರೆಯಿಂದೀಚೆಗೆ ಅವಳಿಗೆ ಯಾವುದೂ ಬರುತ್ತಿರಲಿಲ್ಲ. ಆ ರಾತ್ರಿ ಬತ್ತಿ ಆರದಂತೆ ನೋಡಿಕೊಳ್ಳುವ ಕೆಲಸವನ್ನು ಪನಾಯ್ ತನ್ನ ಮೇಲೆ ಹಾಕಿಕೊಂಡಳು.

ಮಾರನೆಯ ದಿನ ದಾರಿ ಸಮುದ್ರ ಬಿಟ್ಟು ಹೊಳೆಯ ಮಗ್ಗುಲಿಗೆ ಕಾಡು ಹೊಕ್ಕಿತು. ಅಲೆಯ ಸದ್ದು ಒಂದು ತಿರುವಿನವರೆಗೆ ಕೇಳಿಸಿ, ಮುಂದಿನ ತಿರುವಿನಲ್ಲಿ ನಿಂತೇಹೋಯಿತು. ಏರುದಾರಿ. ಅವಳು ಸ್ವಲ್ಪ ತುಳಿಯುವಳು, ಬಹಳ ತಳ್ಳುವಳು. ಬೆಟ್ಟದ ಎಣ್ಣೆಮರಗಳೆಲ್ಲ ಬಿಳಿ ಹೂ ಬಿಟ್ಟಿದ್ದವು. ಗಾಳಿಯಿಲ್ಲದಿದ್ದರೂ ಹೂವುಗಳು ಒಂದೊಂದಾಗಿ ತಿರುಗುತ್ತಾ ತಿರುಗುತ್ತಾ ಇಳಿಯುತ್ತಿದ್ದವು. ದಾರಿಯೇ ಬೆಳ್ಳಗಾಗಿತ್ತು. ಅವಳ ಚಕ್ರದ ಗೆರೆ ಅದರ ಮೇಲೆ ಒಂದೇ ಒಂದು, ಹಿಂದೆ ಮುಂದೆ ಯಾರೂ ಇಲ್ಲ. ಮಂಗವೊಂದು ಕೊಂಬೆಯ ಮೇಲೆ ಕೂತು ಹೂ ತಿನ್ನುತ್ತಾ ಇವಳನ್ನು ನೋಡಿತು. ಸಣ್ಣ ಸಣ್ಣ ತೊರೆಗಳಿಗೂ ಅವಳು ಹೇಳುತ್ತಾ ಹೋದಳು. ಹೇಳಿ ಹೇಳಿ, ತಾನು ಹೇಳುತ್ತಿದ್ದೇನೋ ಕಾಡೇ ಹೇಳುತ್ತಿದೆಯೋ ಎಂಬ ಮಂಪರು ಕವಿಯಿತು.

ದಿಣ್ಣೆಯ ತುದಿ ತಲುಪಿ ಸೈಕಲ್ ಹತ್ತಿದಳು. ಮುಂದೆ ಇಳಿಜಾರು.

ಮೊದಮೊದಲು ಬ್ರೇಕು ಹಿಡಿದೇ ಇದ್ದಳು. ಆಮೇಲೆ ಯಾವಾಗ ಬಿಟ್ಟಳೋ ಅವಳಿಗೇ ತಿಳಿಯದು. ಗಾಳಿ ಕಿವಿ ತುಂಬಿತು. ಬಿಳಿ ಹೂಗಳು ಮುಖಕ್ಕೆ, ಎದೆಗೆ ತಾಗಿ ಹಾರಿದವು. ಕೆಳಗೆ ಹೊಳೆ ಹೊಳೆಯುತ್ತಿತ್ತು. ಹೊಟ್ಟೆಯೊಳಗಿಂದ ಏನೋ ಏರಿ ಬಂದು ಬಾಯಲ್ಲಿ ಕೂಗಾಯಿತು, ಹೋ ಎಂದು, ಮಾತಿಲ್ಲದ ಬರೀ ಕೂಗು. ಅಷ್ಟು ಹೊತ್ತು ಸಾವು ಇರಲಿಲ್ಲ, ಅಂಗಡಿ ಇರಲಿಲ್ಲ, ತೆಂಗ್‌ಹಾಯ್ ಕೂಡ ಇರಲಿಲ್ಲ. ಇಳಿಯುತ್ತಿದ್ದ ಒಬ್ಬಳು ಹೆಂಗಸಿದ್ದಳು, ಅವಳು ಸುಖವಾಗಿದ್ದಳು. ಕೆಂಪು ಕಮಾನೊಂದು ತಲೆಯ ಮೇಲೆ ಬಂದು ಹೋಯಿತು. ದಾರಿ ಸಮತಟ್ಟಾಗಿ, ಸೈಕಲ್ ತಾನೇ ತಾನಾಗಿ ನಿಧಾನವಾಗಿ, ನಿಂತಿತು.

ಆಗ ಅವಳಿಗೆ ಆ ಕೆಂಪು ಕಮಾನು ಏನೆಂದು ತಿಳಿಯಿತು.

ಅದು ಹೊಳೆಯ ದೊಡ್ಡ ಸೇತುವೆ. ಇಡೀ ದಾರಿಗೆ ಅದೇ ದೊಡ್ಡದು. ಅವಳು ಹೇಳದೆ ದಾಟಿದ್ದಳು. ಯಾವ ತಪ್ಪಿಗೆ ಮಗಳನ್ನು ಬೈದು ಅಳಿಸಿದ್ದಳೋ ಅದನ್ನೇ ತಾನು ಮಾಡಿದ್ದಳು, ಅದೂ ಸುಖದಲ್ಲಿ ಮೈಮರೆತು. ಡಬ್ಬಿಯಲ್ಲಿ ಬತ್ತಿ ಮಾತ್ರ ಏನೂ ಆಗದಂತೆ ಹೊಗೆಯಾಡುತ್ತಿತ್ತು.

ಸೈಕಲ್ ತಿರುಗಿಸಿದಳು. ತಿರುಗಿಸಿದ ಮೇಲೆ ಇನ್ನೊಂದು ಪೇಚು. ಅವನು ಆ ದಡದಲ್ಲಿ ಉಳಿದಿದ್ದರೆ ಸರಿ. ಅಕಸ್ಮಾತ್ ಹೇಳದೆಯೂ ಹಿಂದೆಯೇ ಬಂದುಬಿಟ್ಟಿದ್ದರೆ, ಈಗ ತಾನು ಆ ಕಡೆ ಹೋದಾಗ ಇಲ್ಲಿ ಒಬ್ಬನೇ ಉಳಿಯುತ್ತಾನಲ್ಲ? “ತೆಂಗ್‌ಹಾಯ್, ಇಲ್ಲಿದ್ರೆ ಇಲ್ಲೇ ಇರು. ಅಲ್ಲಿದ್ರೆ ಅಲ್ಲೇ ಇರು. ಎಲ್ಲೂ ಹೋಗ್ಬೇಡ,” ಎಂದು ಎರಡೂ ದಿಕ್ಕಿಗೆ ಕೂಗಿ, ಸೇತುವೆಯ ಮೇಲೆ ಸೈಕಲ್ ತಳ್ಳಿಕೊಂಡು ವಾಪಸು ನಡೆದಳು.

ಆಚೆ ತುದಿಯಲ್ಲಿ ಹೂವಿನ ಮೇಲೇ ಕೂತು ತುಂಡುಗಳನ್ನು ತೆಗೆದಳು. ಇಲ್ಲಿ ಉಳಿದುಬಿಟ್ಟೆಯಾ ಎಂದು ಕೇಳಿ ಅವನ್ನು ನೆಲಕ್ಕೆ ಬಿಟ್ಟಳು. ಎರಡೂ ಅಂಗಾತ ಬಿದ್ದವು. ನಗು. ಸರಿಯಾಗಿ ಕೇಳಲಿಲ್ಲವೇನೋ ಎಂದು ಮತ್ತೆ ಕೇಳಿದಳು. ಮತ್ತೆ ನಗು. ಸಿಟ್ಟು ಬಂದು ಮೂರನೆಯ ಸಲ ಬಿಟ್ಟಳು. ಆಗಲೂ ಎರಡು ಚಪ್ಪಟೆ ಮಗ್ಗುಲುಗಳು ಅವಳನ್ನೇ ನೋಡುತ್ತಿದ್ದವು.

ಆ ನಗು ಅವಳಿಗೆ ಗೊತ್ತಿತ್ತು. ಟೈರಿನ ಮೇಲೆ ಬಗ್ಗಿ, ಸದ್ದಿಲ್ಲದೆ ಭುಜ ಕುಣಿಸುವ ನಗು. ಅಂದರೆ ಅವನು ಎಲ್ಲೂ ಉಳಿದಿರಲಿಲ್ಲ. ಇಳಿಜಾರಿನುದ್ದಕ್ಕೂ ಹಿಂದೆಯೇ ಇದ್ದ. ಅವಳು ಬ್ರೇಕು ಬಿಟ್ಟದ್ದು ನೋಡಿದ್ದ, ಹೋ ಎಂದು ಕೂಗಿದ್ದು ಕೇಳಿದ್ದ.

“ನಗ್ತೀಯಾ?” ಎಂದಳು. “ನಿಂಗೋಸ್ಕರ ಮುದ್ಕಿ ವಾಪಸ್ ತಳ್ಕೊಂಡ್ ಬಂದ್ರೆ ನಗ್ತೀಯಾ? ಹಿಂಗಿರುತ್ತೆ ಅಂತ ಒಂದ್ ಮಾತು ಹೇಳೋಕ್ ಆಗ್ಲಿಲ್ವಾ ನಿಂಗೆ? ಬರ್ತೀಯಾ, ಬರ್ತೀಯಾ ಅಂತ ಅಷ್ಟೇ ಕೇಳ್ತಿದ್ದೆ ನೀನು. ನನ್ನ ಎಳ್ಕೊಂಡ್ ಬರ್ಬೇಕಿತ್ತು. ನಾನೂ ಬರ್ಬೇಕಿತ್ತು ಕಣೋ. ಬರ್ಬೇಕಿತ್ತು.”

ಆಗ ಅಳು ಬಂತು. ಮೂರು ವಾರ ಎಲ್ಲಿತ್ತೋ, ಒಟ್ಟಿಗೇ ಬಂತು. ನೋಡುವವರು ಯಾರೂ ಇರಲಿಲ್ಲ, ಮನಸಾರೆ ಅತ್ತಳು. ಹೂ ಬೀಳುತ್ತಲೇ ಇತ್ತು. ಅತ್ತು ಮುಗಿದ ಮೇಲೆ ಮೂಗು ಒರೆಸಿಕೊಂಡು, ಹೋಗೋಣವಾ ಎಂದು ಕೇಳಿದಳು. ಒಂದು ಕವುಚಿ, ಒಂದು ಅಂಗಾತ. ಕಮಾನಿನ ಕೆಳಗೆ ಗಟ್ಟಿಯಾಗಿ ಹೇಳಿಕೊಂಡೇ ದಾಟಿದಳು.

ಕಾಡು ಮುಗಿದು ಕಣಿವೆ ತೆರೆಯಿತು. ಸಂಜೆಯ ಬೆಳಕಿನಲ್ಲಿ ಗದ್ದೆಗಳು ಮಲಗಿದ್ದವು, ಪೈರಿಗೆ ಹಾಲು ತುಂಬುವ ಹೊತ್ತು. ಚಕ್ಕೋತದ ತೋಟದ ವಾಸನೆ ಬಂದಾಗ ಊರು ಬಂತೆಂದು ಕಾಲಿಗೇ ಗೊತ್ತಾಯಿತು. ಊರ ಮುಂದೆ ಕಾಲುವೆಯ ಮೇಲೊಂದು ಪುಟ್ಟ ಸೇತುವೆ. ದಿನಾ ಸಂತೆಗೆ ದಾಟುವ ಸೇತುವೆ ಅದು, ಸೇತುವೆಯೆಂದು ಯಾರೂ ಲೆಕ್ಕಕ್ಕೇ ಹಿಡಿಯರು. ಗ್ವೇಹಾ ಅಲ್ಲಿ ಕಾಲೂರಿ ನಿಂತಳು.

“ತೆಂಗ್‌ಹಾಯ್, ಸೇತುವೆ ಬಂತು. ದಾಟೋಣ,” ಎಂದಳು. ಅನ್ನದ ಪಾತ್ರೆಯಲ್ಲಿ ಚಹಾ ಸೊಪ್ಪು ಕಂಡ ಮಗಳ ಮುಖ ನೆನಪಾಯಿತು. ಮೆಲ್ಲಗೆ, “ಗ್ವೇಹಾ, ಸೇತುವೆ ಬಂತು. ನೀನೂ ದಾಟು,” ಎಂದಳು.

ಸೋಕ್‌ಬೀ ಬಾಗಿಲಲ್ಲೇ ಕಾಯುತ್ತಿದ್ದಳು. ಅವಳ ಕೆನ್ನೆ ತಟ್ಟಿ, ನೀನೇನೂ ತಪ್ಪು ಮಾಡಿಲ್ಲ ಕಣೇ ಎಂದು ಗ್ವೇಹಾ ಮೊದಲು ಹೇಳಿದಳು. ಬತ್ತಿಯನ್ನು ಫಲಕದ ಮುಂದಿನ ಬಟ್ಟಲಿಗೆ ನೆಟ್ಟು, ಬಿಸಿ ಅನ್ನ, ಮೊಟ್ಟೆದೋಸೆ, ಪನಾಯ್ ಕಟ್ಟಿಕೊಟ್ಟಿದ್ದ ಮೀನು ಇಟ್ಟು, ಬಂದ್ಯಾ ಎಂದು ಕೇಳಿ ತುಂಡು ಬಿಟ್ಟಳು. ಒಂದು ಕವುಚಿ, ಒಂದು ಅಂಗಾತ. ಸೋಕ್‌ಬೀ ನೆಲದ ಮೇಲೆ ಕೂತೇಬಿಟ್ಟಳು.

ಸ್ವಲ್ಪ ಹೊತ್ತು ಬಿಟ್ಟು, ಊಟ ಆಯ್ತಾ ಎಂದು ಕೇಳಬೇಕು. ಆಯಿತು ಎಂದರೆ ತಟ್ಟೆ ತೆಗೆಯಬಹುದು. ಕೇಳಿದಳು. ಇಲ್ಲ ಎಂದು ಬಂತು. ಇನ್ನಷ್ಟು ಹೊತ್ತು ಬಿಟ್ಟು ಕೇಳಿದಳು. ಇನ್ನೂ ಇಲ್ಲ.

“ಏನಾದ್ರೂ ಕಮ್ಮಿ ಆಯ್ತಾ ಅಮ್ಮಾ?” ಸೋಕ್‌ಬೀ ಗಾಬರಿಯಾದಳು.

“ಏನೂ ಕಮ್ಮಿ ಇಲ್ಲ,” ಎಂದಳು ಗ್ವೇಹಾ. “ಅವ್ನು ಯಾವತ್ತು ಬೇಗ ಉಂಡಿದಾನೆ?”

ಅಂಗಡಿಯಿಂದ ಸ್ಟೂಲು ಎಳೆದು ತಂದು ಫಲಕದ ಎದುರಿಗೆ ಹಾಕಿಕೊಂಡಳು. ಒಂದು ಬಟ್ಟಲಿಗೆ ತನಗೂ ಅನ್ನ ಬಡಿಸಿಕೊಂಡು, ಮೀನಿನ ಅರ್ಧ ಮುರಿದುಕೊಂಡು, ಅವನ ಜೊತೆ ಕೂತು ನಿಧಾನವಾಗಿ ಉಣ್ಣತೊಡಗಿದಳು.